ಎಂಟಕ್ಕೂ ಇರುಳಿಗೂ ಏನು ನಂಟು?

ಪ್ರಶ್ನೆ: ಯುರೋಪಿನ ಭಾಷೆಗಳಲ್ಲಿ ‘ಎಂಟು’ ಎನ್ನುವ ಪದದ ಮುಂದೆ ‘ನ್’ ಸೇರಿಸಿದರೆ ‘ರಾತ್ರಿ’ ಆಗುತ್ತದೆ, 8 ಅಡ್ಡ ಮಲಗಿದರೆ ಅನಂತ, ಹಾಗಾಗಿ ರಾತ್ರಿ ಎಂದರೆ ಅನಂತ ಎಂದು ವಾಟ್ಸಾಪಿನಲ್ಲಿ ಬಂದಿದೆ. ನಿಜವೇ? (ಶಿರಸಿಯ ಓದುಗರು)

ಉತ್ತರ: ಜೋಡಿಗಳು ನಿಜ, ವಿವರಣೆ ಸುಳ್ಳು. ಅಡ್ಡ ಎಂಟನ್ನು ಅನಂತದ ಗುರುತಾಗಿ ತಂದವನು ಇಂಗ್ಲೆಂಡಿನ ಗಣಿತಜ್ಞ ಜಾನ್ ವಾಲಿಸ್, 1655ರಲ್ಲಿ. ಪದಗಳು ಅದಕ್ಕಿಂತ ಸಾವಿರಾರು ವರ್ಷ ಹಳೆಯವು.

ಯುರೋಪಿನ ಹೆಚ್ಚಿನ ಭಾಷೆಗಳಿಗೂ ಸಂಸ್ಕೃತಕ್ಕೂ ಒಂದೇ ಪೂರ್ವಜ ಭಾಷೆ. ಅದರಲ್ಲಿ ಎರಡೂ ಪದಗಳ ಮೂಲರೂಪದಲ್ಲಿ ‘ಕ್’ ಜಾತಿಯ ಧ್ವನಿ, ಅದರ ಬೆನ್ನಿಗೇ ‘ತ್’ ಇತ್ತು. ಲ್ಯಾಟಿನ್ನಿನಲ್ಲಿ ರಾತ್ರಿಗೆ ನೊಕ್ಟೆಮ್, ಎಂಟಕ್ಕೆ ಒಕ್ಟೊ. ಇಂಗ್ಲಿಷ್, ಜರ್ಮನ್, ಸ್ವೀಡಿಷ್ ಮುಂತಾದವು ಸೇರಿದ ಜರ್ಮಾನಿಕ್ ಕವಲಿನಲ್ಲಿ ಆ ಕ್ ಸವೆದು ಉಜ್ಜುವ ಹ್ ಆಯಿತು. ಜರ್ಮನ್ ಭಾಷಾತಜ್ಞ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ಧ್ವನಿನಿಯಮ ಇದೇ. ಈ ಕವಲಿನ ಹಳೆಯ ಭಾಷೆ ಗೋಥಿಕ್‌ನಲ್ಲಿ ನಹ್ಟ್ಸ್, ಅಹ್ಟೌ. ಜರ್ಮನ್, ಡಚ್ಚಿನಲ್ಲಿ ನಖ್ಟ್, ಅಖ್ಟ್. ಸ್ವೀಡಿಷ್‌ನಲ್ಲಿ ಹ್ ಮುಂದಿನ ಟ್‌ನೊಳಗೆ ಕರಗಿ ನಟ್ಟ್, ಓಟ್ಟ ಆಯಿತು. ನಮ್ಮ ‘ಸಪ್ತ’ ಪ್ರಾಕೃತದಲ್ಲಿ ‘ಸತ್ತ’ವಾಗಿ ಕಾರವಾರದ ಕೊಂಕಣಿಗೆ ‘ಸಾತ್’ ಆಗಿ ಬಂದಂತೆ. ಡಚ್ಚಿನಿಂದ ಹುಟ್ಟಿದ ದಕ್ಷಿಣ ಆಫ್ರಿಕಾದ ಭಾಷೆ ಆಫ್ರಿಕಾನ್ಸ್ ಕೊನೆಯ ಟ್‌ಅನ್ನೂ ಕಳೆದುಕೊಂಡು ನಖ್, ಅಖ್ ಎನ್ನುತ್ತದೆ. ಇಂಗ್ಲಿಷಿನಲ್ಲಿ ಹ್ ಬಾಯಿಂದ ಹೋಗಿ ಬರವಣಿಗೆಯಲ್ಲಿ ಮೂಕ ಅಕ್ಷರವಾಗಿ ಕೂತಿದೆ. ನೈಟ್, ಏಟ್ ಕಾಗದದ ಮೇಲಷ್ಟೇ ಜೋಡಿ, ಕಿವಿಗಲ್ಲ.

ಇಂಥ ಸಂದೇಶ ಬಂದರೆ ಒಂದು ಪರೀಕ್ಷೆ ಮಾಡಿ: ಅದೇ ಧ್ವನಿಗುಂಪಿನ ಬೇರೆ ಪದ ಹುಡುಕಿ. ‘ಮಗಳು’ ಜರ್ಮನ್ನಿನಲ್ಲಿ ಟೊಖ್ಟರ್, ಸ್ವೀಡಿಷ್‌ನಲ್ಲಿ ಡೊಟ್ಟರ್. ಖ್ಟ್ ಇದ್ದಲ್ಲಿ ಟ್ಟ್. ಇಲ್ಲಿ ಎಂಟೂ ಇಲ್ಲ, ಅನಂತವೂ ಇಲ್ಲ. ಆಮೇಲೆ ಸಂಸ್ಕೃತಕ್ಕೆ ಬನ್ನಿ. ರಾತ್ರಿಗೆ ನಕ್ತ (ಹಗಲೆಲ್ಲ ಉಪವಾಸವಿದ್ದು ರಾತ್ರಿ ಉಣ್ಣುವ ವ್ರತದ ಹೆಸರೂ ಅದೇ), ಎಂಟಕ್ಕೆ ಅಷ್ಟ. ಮೂಲದ ಎರಡು ಕ್‌ಗಳು ಬೇರೆ ಬೇರೆ: ರಾತ್ರಿಯದು ತುಟಿ ದುಂಡಾಗಿಸಿ ಹೇಳುವುದು, ಎಂಟರದು ಅಂಗುಳದ ಮುಂದಿನದು. ಪಶ್ಚಿಮದಲ್ಲಿ ಅವು ಒಂದಾದವು, ಸಂಸ್ಕೃತ ಬೇರೆಯಾಗಿಯೇ ಉಳಿಸಿಕೊಂಡಿತು. ವಾಟ್ಸಾಪಿನ ಲೆಕ್ಕವನ್ನು ಇಲ್ಲಿ ಹಾಕಿದರೆ, ನ್ ಕೂಡಿಸು ಅಷ್ಟ, ಸಿಗುವುದು ‘ನಷ್ಟ’!

ಪ್ರಶ್ನೆ: ನಮ್ಮ ಹೋಮ್‌ಸ್ಟೇಗೆ ಬರುವ ಜರ್ಮನ್ನರಿಗೆ ಶುಭರಾತ್ರಿ ಹೇಳುವುದು ಹೇಗೆ? ಹೇಳಿದರೆ ನಗುತ್ತಾರೆ. (ಗೋಕರ್ಣದ ಓದುಗರು)

ಉತ್ತರ: ‘ಗೂಟೆ ನಖ್ಟ್’. ನೀವು ಬಹುಶಃ ‘ನಕ್ಟ್’ ಎಂದಿದ್ದೀರಿ. ಜರ್ಮನ್ನಿನಲ್ಲಿ ಅದರ ಅರ್ಥ ಬೆತ್ತಲೆ. ನಮ್ಮ ‘ನಗ್ನ’ದ ದಾಯಾದಿ. ಈ ಖ್ ನಮ್ಮ ಮಹಾಪ್ರಾಣವಲ್ಲ. ಕ್ ಹೇಳುವಂತೆ ನಾಲಗೆಯ ಹಿಂಭಾಗ ಎತ್ತಿ, ಅಂಗುಳಕ್ಕೆ ತಾಗಿಸದೆ ಸಣ್ಣ ಸಂದು ಬಿಟ್ಟು ಉಸಿರು ಹೊರಹಾಕಿ, ಗಂಟಲಿಗೆ ಮೀನಿನ ಮುಳ್ಳು ಸಿಕ್ಕಾಗ ಮಾಡುವ ಹಾಗೆ. ಆ ಸದ್ದನ್ನು ಎರಡು ಸೆಕೆಂಡು ಎಳೆಯಲು ಬಂದರೆ ಸರಿ. ಟಕ್ಕೆಂದು ನಿಂತರೆ ಅದು ಕ್, ಮತ್ತೆ ಬೆತ್ತಲೆಯೇ.

ರಾತ್ರಿ ಒಂಬತ್ತಕ್ಕೆ ಬಸ್ಸಿಳಿದು ಬಂದವರಿಗೆ ಇದನ್ನು ಹೇಳಬೇಡಿ. ಬರಮಾಡಿಕೊಳ್ಳುವಾಗ ‘ಗೂಟೆನ್ ಆಬೆಂಟ್’. ನಖ್ಟ್ ಮಲಗಲು ಹೊರಟವರಿಗೆ ಮಾತ್ರ. ಇನ್ನೊಂದು ಗೊಂದಲ: ‘ಹೊಯ್ಟೆ ನಖ್ಟ್’ ಎಂದರೆ ಇವತ್ತು ರಾತ್ರಿ. ಆದರೆ ಬೆಳಿಗ್ಗೆ ತಿಂಡಿಗೆ ಕೂತವರು ‘ಹೊಯ್ಟೆ ನಖ್ಟ್’ ನಿದ್ದೆ ಬರಲಿಲ್ಲ ಎಂದರೆ ಈಗಷ್ಟೇ ಕಳೆದ ರಾತ್ರಿ. ಆಗಲೇ ಸೊಳ್ಳೆಪರದೆ ನೋಡಿ.