2024ರಲ್ಲಿ ಬಿಗ್ ಟೆನ್ ಫೈನಲ್ಲನ್ನೇ ಆಡದ ಒಹಾಯೋ ಸ್ಟೇಟ್ ರಾಷ್ಟ್ರೀಯ ಚಾಂಪಿಯನ್ ಆಗಿದ್ದು ಹೇಗೆ?
ಅಮೆರಿಕನ್ ಕಾಲೇಜು ಫುಟ್‌ಬಾಲ್‌ನಲ್ಲಿ ಕಾನ್ಫರೆನ್ಸ್ (ಕಾಲೇಜು ತಂಡಗಳ ಲೀಗ್) ಪಟ್ಟದ ಲೆಕ್ಕ ಬೇರೆ, ಪ್ಲೇಆಫ್ (ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್ ಪಂದ್ಯಗಳು) ಲೆಕ್ಕ ಬೇರೆ.

ಒಹಾಯೋ ಸ್ಟೇಟ್ ಆಡುವ ಕಾನ್ಫರೆನ್ಸ್ ಆದ ಬಿಗ್ ಟೆನ್‌ನಲ್ಲಿ ಈಗ 18 ತಂಡಗಳಿವೆ. ತಲಾ 9 ಪಂದ್ಯ, ಮೊದಲ ಇಬ್ಬರಿಗಷ್ಟೇ ಫೈನಲ್. ಒಹಾಯೋ 7 ಗೆದ್ದು 2 ಸೋತಿತು. ಒರೆಗಾನ್ ಎದುರು 32-31ರ ಸೋಲು: ಚೆಂಡು ಹಿಡಿದು ಓಡಿದ ಒಹಾಯೋ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ, ಪಾಸ್ ಎಸೆಯುವ ಆಟಗಾರ) ವಿಲ್ ಹೋವರ್ಡ್ ನೆಲಕ್ಕೆ ಜಾರುವಷ್ಟರಲ್ಲಿ ಗಡಿಯಾರ ಸೊನ್ನೆಗೆ ಬಂದಿತ್ತು. ಮಿಶಿಗನ್ ಎದುರಿನ 13-10 ಸೋಲು ಇನ್ನೂ ದುಬಾರಿ. ಎರಡು ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು ಅಂಕ ಗಳಿಸುವ ಯತ್ನ) ತಪ್ಪಿದವು, ಎರಡು ಪಾಸ್ ಎದುರಾಳಿಗಳ ಕೈಸೇರಿದವು. ಅಷ್ಟು ಒಳ್ಳೆಯ ರಿಸೀವರ್‌ಗಳಿದ್ದೂ (ಪಾಸ್ ಹಿಡಿಯುವವರು) ಪಾಸ್ ಬಿಟ್ಟು, ಮಿಶಿಗನ್ ರಕ್ಷಣೆಯ ಗಟ್ಟಿ ನಡುಸಾಲಿಗೇ ಚೆಂಡು ಹಿಡಿದವರನ್ನು ಮತ್ತೆ ಮತ್ತೆ ಓಡಿಸಿದ್ದು ದೊಡ್ಡ ತಪ್ಪು. ಫೈನಲ್ ಒರೆಗಾನ್ ಮತ್ತು ಪೆನ್ ಸ್ಟೇಟ್ ಪಾಲಾಯಿತು.

ಆದರೆ ಅದೇ ವರ್ಷ ಪ್ಲೇಆಫ್ 4ರಿಂದ 12 ತಂಡಗಳಿಗೆ ಹಿಗ್ಗಿತ್ತು. ಅದರಲ್ಲಿ 7 ಜಾಗಕ್ಕೆ ಪಟ್ಟ ಬೇಡ, ರ‍್ಯಾಂಕಿಂಗ್ ಸಾಕು. 8ನೇ ಶ್ರೇಯಾಂಕದಲ್ಲಿ ಒಳಬಂದ ಒಹಾಯೋ ಟೆನೆಸಿ, ಒರೆಗಾನ್ (41-21), ಟೆಕ್ಸಸ್ ತಂಡಗಳನ್ನು ದಾಟಿ, ಕೊನೆಗೆ ನೋಟರ್ ಡೇಮ್ ತಂಡವನ್ನು 34-23ರಲ್ಲಿ ಮಣಿಸಿತು.