ಕ್ಯಾಲೊರಿ ಲೆಕ್ಕಕ್ಕೆ ಮನೆ ಊಟ ಅಳೆಯೋದು ಹೇಗೆ? 0.1 ಗ್ರಾಂ ತೋರಿಸುವ ತಕ್ಕಡಿ ತಗೋಬೇಕಾ, ಬಟ್ಟಲು-ಚಮಚ ಸಾಕಾ?

ಅನ್ನ, ಮುದ್ದೆ, ಪಲ್ಯ ಎಲ್ಲವನ್ನೂ ತಟ್ಟೆಯಲ್ಲೇ ತೂಕ ಹಾಕಿ ತಿಂತಿದ್ದೀನಿ, ಎರಡು ತಿಂಗಳಾದ್ರೂ ತೂಕ ಇಳೀತಿಲ್ಲ, ತಕ್ಕಡಿನೇ ಸರಿಯಿಲ್ವೇನೋ ಅಂತ ಬರೆದಿದ್ದೀರಿ. ಓದುವಾಗ ನಗುನೂ ಬಂತು, ಪಾಪ ಅಂತಲೂ ಅನಿಸಿತು. 2021ರಲ್ಲಿ ನಾನು ಹೀಗೇ ಇದ್ದೆ.

ಆಗ ನನ್ನ ತೂಕ 84 ಕೆಜಿ, ಎತ್ತರ ಐದಡಿ ಆರಿಂಚು. ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ, ಅದೂ ಮನೆಯಿಂದಲೇ. ಸ್ಕ್ಯಾನ್ ಮಾಡಿಸಿದಾಗ ಲಿವರ್‌ನಲ್ಲಿ ಕೊಬ್ಬು ಸೇರಿದೆ ಅಂದರು. ‘ಎಂಟು ಕೆಜಿ ಇಳಿಸ್ಕೊಂಡು ಬನ್ನಿ, ಆಮೇಲೆ ಮಾತಾಡೋಣ’ ಅಂದರು ಡಾಕ್ಟರು. ನಾನು ಎಂಜಿನಿಯರ್ ಅಲ್ವಾ, ಲೆಕ್ಕ ಅಂದ್ರೆ ಬಲು ಇಷ್ಟ. ದಿನಕ್ಕೆ ಸುಮಾರು 2000 ಕ್ಯಾಲೊರಿ ಖರ್ಚಾಗುತ್ತೆ, 1500 ತಿಂದರೆ ವಾರಕ್ಕೆ ಹೆಚ್ಚುಕಡಿಮೆ ಅರ್ಧ ಕೆಜಿ ಇಳಿಯಬೇಕು, ನಾಲ್ಕು ತಿಂಗಳಿಗೆ ಕೆಲಸ ಮುಗೀತು ಅಂದುಕೊಂಡೆ. ಒಂದು ಡಿಜಿಟಲ್ ತಕ್ಕಡಿ ತರಿಸಿ ಊಟದ ಟೇಬಲ್ ಮೇಲೆ ಪ್ರತಿಷ್ಠಾಪನೆ ಮಾಡಿದೆ.

ತಟ್ಟೆ ಇಡೋದು, ಬಟನ್ ಒತ್ತಿ ಸೊನ್ನೆ ಮಾಡೋದು, ಅನ್ನ ಹಾಕೋದು. 150 ಗ್ರಾಂ ಬರಬೇಕು. 162 ಬಂದರೆ ಬೆರಳ ತುದಿಯಲ್ಲಿ ನಾಲ್ಕು ಅಗುಳು ತೆಗೆದು ಪಾತ್ರೆಗೆ ವಾಪಸ್ ಹಾಕೋದು. ಮತ್ತೆ ಸೊನ್ನೆ, ಪಲ್ಯ. ಮತ್ತೆ ಸೊನ್ನೆ, ಸಾರು. ಅಷ್ಟರಲ್ಲಿ ಅನ್ನ ಆರಿ ಹೋಗಿರುತ್ತಿತ್ತು. ‘ರೀ, ಅದೇನು ಊಟನಾ, ಪಂಚಾಯ್ತಿನಾ?’ ಅಂತ ಹೆಂಡತಿ ಕೇಳುತ್ತಿದ್ದಳು. ಎಲ್ಲವನ್ನೂ ಫೋನಿನಲ್ಲಿ ಬರೆದಿಡುತ್ತಿದ್ದೆ. ಒಂದು ದಿನವೂ 1500 ದಾಟಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಇಳಿದದ್ದು ಒಂದೂವರೆ ಕೆಜಿ.

ಮೊದಲು ಥೈರಾಯ್ಡ್ ಮೇಲೆ ಅನುಮಾನ ಬಂತು. ಪರೀಕ್ಷೆ ಮಾಡಿಸಿದೆ, ನಾರ್ಮಲ್. ಆಮೇಲೆ ನಿಮ್ಮ ಹಾಗೆಯೇ ತಕ್ಕಡಿ ಮೇಲೆ ಅನುಮಾನ. ಹುಂಡಿಯಲ್ಲಿದ್ದ ಹತ್ತು ರೂಪಾಯಿ ನಾಣ್ಯ ತೆಗೆದು ಹತ್ತನ್ನು ಒಟ್ಟಿಗೆ ಇಟ್ಟೆ. ಒಂದು ನಾಣ್ಯ 7.71 ಗ್ರಾಂ, ಹತ್ತಕ್ಕೆ 77 ಬರಬೇಕು. ಸರಿಯಾಗಿ 77 ತೋರಿಸಿತು. ನೀವೂ ಇವತ್ತೇ ನೋಡಿ. 76, 77, 78 ಯಾವುದು ಬಂದರೂ ನಿಮ್ಮ ತಕ್ಕಡಿಗೆ ಏನೂ ಆಗಿಲ್ಲ. 0.1 ಗ್ರಾಂ ತೋರಿಸೋದು ಒಡವೆ ಅಂಗಡಿಗೆ ಬೇಕು, ಅಡುಗೆಮನೆಗೆ ಬೇಡ. ಆ ದುಡ್ಡು ಉಳಿಸಿ.

ನನ್ನ ತಪ್ಪು ಬೇರೆ ಕಡೆ ಇತ್ತು. ತಕ್ಕಡಿ ಸರಿಯಾಗೇ ಇತ್ತು, ನಾನು ಇಟ್ಟ ಜಾಗ ಸರಿ ಇರಲಿಲ್ಲ. ಅದು ಇರಬೇಕಾದದ್ದು ಊಟದ ಟೇಬಲ್ ಮೇಲಲ್ಲ, ಒಲೆ ಪಕ್ಕ. ಇದು ಗೊತ್ತಾದದ್ದು ಹೇಗೆ ಅಂತ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ತಿಪಟೂರು ಕಡೆ. ಒಂದು ಸಲ ನೆಂಟರ ಮನೆ ಗೃಹಪ್ರವೇಶ ಅಂತ ಅಮ್ಮ, ಹೆಂಡತಿ, ಮಗಳು ಮೂವರೂ ಊರಿಗೆ ಹೋದರು. ನಾನೊಬ್ಬನೇ. ಬೀನ್ಸ್ ಪಲ್ಯ ಮಾಡೋಣ ಅಂತ ಫೋನಿನಲ್ಲಿ ನೋಡಿದೆ. ಎಣ್ಣೆ ಎರಡು ಟೀ ಚಮಚ ಅಂತ ಇತ್ತು. ಅಳೆದು ಅಷ್ಟೇ ಹಾಕಿದೆ. ಸಾಸಿವೆ ಬಾಂಡ್ಲಿಯ ತಳದಲ್ಲಿ ಒಂದು ಮೂಲೆಗೆ ಸೇರಿಕೊಂಡಿತು, ಬೀನ್ಸ್ ತಳ ಹಿಡಿಯಿತು. ತಿಂದರೆ ಬೇಯಿಸಿದ ಹುಲ್ಲಿನ ಹಾಗಿತ್ತು. ಅಮ್ಮನಿಗೆ ಫೋನ್ ಮಾಡಿದೆ.

‘ಅಮ್ಮ, ಪಲ್ಯಕ್ಕೆ ಎಣ್ಣೆ ಎಷ್ಟು ಹಾಕ್ತೀಯ?’

‘ಎಷ್ಟು ಅಂದ್ರೆ? ಒಂದು ಸುತ್ತು ಬಿಡು.’

ಒಂದು ಸುತ್ತು! ನಾನು ನಾಲ್ಕು ತಿಂಗಳಿಂದ ಅಗುಳು ಎಣಿಸುತ್ತಿದ್ದೀನಿ, ಇಲ್ಲಿ ಎಣ್ಣೆಯ ಅಳತೆ ‘ಸುತ್ತು’.

ಅವರು ವಾಪಸ್ ಬಂದ ಮೇಲೆ ತಕ್ಕಡಿ ತಗೊಂಡು ಅಡುಗೆಮನೆಗೆ ಹೋದೆ. ಎಣ್ಣೆ ಕ್ಯಾನನ್ನು ಅದರ ಮೇಲಿಟ್ಟು ಸೊನ್ನೆ ಮಾಡಿದೆ. ‘ನೀನು ದಿನಾ ಹಾಕೋ ಹಾಗೇ ಹಾಕಮ್ಮ, ನನ್ನ ನೋಡಬೇಡ’ ಅಂದೆ. ಅಮ್ಮ ಕ್ಯಾನ್ ಎತ್ತಿ, ಬಾಂಡ್ಲಿಯ ಅಂಚಿಗೆ ಒಂದು ಸುತ್ತು ತಿರುಗಿಸಿ, ಕೊನೆಗೆ ನಡುವೆ ಸ್ವಲ್ಪ ಬಿಟ್ಟು, ವಾಪಸ್ ಇಟ್ಟರು. ಕ್ಯಾನಿನ ಮೂತಿಯಿಂದ ಒಂದು ತೊಟ್ಟು ಮೆಲ್ಲಗೆ ಇಳಿದು ತಕ್ಕಡಿಯ ಗಾಜಿನ ಮೇಲೆ ಬಿತ್ತು. ಅದರ ಪಕ್ಕದಲ್ಲೇ ಮೈನಸ್ 46 ಅಂತ ತೋರಿಸುತ್ತಿತ್ತು.

46 ಗ್ರಾಂ. ಎಣ್ಣೆ ಯಾವುದೇ ಇರಲಿ, ಕಡಲೆಕಾಯಿ ಎಣ್ಣೆಯೋ ಸೂರ್ಯಕಾಂತಿಯೋ, ಗಾಣದ್ದೋ ಪ್ಯಾಕೆಟ್ಟಿನದ್ದೋ, ಒಂದು ಗ್ರಾಂಗೆ 9 ಕ್ಯಾಲೊರಿ. ಅಂದರೆ ಆ ಒಂದು ಸುತ್ತಿಗೆ 414. ಬಾಂಡ್ಲಿಯಲ್ಲಿದ್ದ ಅರ್ಧ ಕೆಜಿ ಬೀನ್ಸ್‌ನದ್ದೆಲ್ಲಾ ಸೇರಿ ಸುಮಾರು ನೂರೈವತ್ತು ಅಷ್ಟೇ. ನಾನು ಪಲ್ಯವನ್ನು ತಟ್ಟೆಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ, ಫೋನಿನಲ್ಲಿ ರೆಡಿಮೇಡ್ ಸಿಗುತ್ತಿದ್ದ ‘ಬೀನ್ಸ್ ಪಲ್ಯ’ ಅನ್ನೋದನ್ನು ಒತ್ತುತ್ತಿದ್ದೆ. ಆ ಪಲ್ಯ ಯಾರ ಮನೆಯದೋ. ನಮ್ಮ ಅಮ್ಮನ ಸುತ್ತು ಅದರಲ್ಲಿ ಇರಲಿಲ್ಲ.

ಇದನ್ನು ಯಾಕೆ ಇಷ್ಟು ಕೊರೀತಿದ್ದೀನಿ ಅಂದ್ರೆ, ಎಣ್ಣೆ ಕಣ್ಣಿಗೆ ಕಾಣೋದಿಲ್ಲ. ಅಕ್ಕಿ ನೀರು ಕುಡಿದು ಉಬ್ಬುತ್ತೆ, ತಟ್ಟೆ ತುಂಬುತ್ತೆ, ನಮಗೆ ಭಯ ಹುಟ್ಟಿಸುತ್ತೆ. ಎಣ್ಣೆ ಪಲ್ಯದೊಳಗೆ ಹೋಗಿ ಮಾಯ. ತಟ್ಟೆಯಲ್ಲಿ ಅದು ಬೀನ್ಸ್ ತೂಕದ ಜೊತೆ ಸೇರಿಕೊಂಡು ಬೀನ್ಸ್ ಹಾಗೆಯೇ ನಟಿಸುತ್ತೆ. ನಾನು ವಾಪಸ್ ಹಾಕುತ್ತಿದ್ದ ಆ 12 ಗ್ರಾಂ ಅನ್ನಕ್ಕೆ ಎಷ್ಟು ಕ್ಯಾಲೊರಿ ಗೊತ್ತಾ? ಹದಿನಾರು. ಎರಡು ಗ್ರಾಂ ಎಣ್ಣೆಗೂ ಕಡಿಮೆ. ಸೌಟಿಗೆ ಅಂಟಿಕೊಂಡಿರೋ ಎಣ್ಣೆಯಷ್ಟು. ಅದಕ್ಕೋಸ್ಕರ ನಾಲ್ಕು ತಿಂಗಳು ಆರಿದ ಅನ್ನ ತಿಂದೆ.

ಅವತ್ತು ರಾತ್ರಿ ದಿನಸಿ ಚೀಟಿ ತೆಗೆದು ಕೂತೆ. ತಿಂಗಳಿಗೆ 4 ಲೀಟರ್ ಎಣ್ಣೆ. ನಾವು ತರುವ ಪ್ಯಾಕೆಟ್ ಮೇಲೆ ಒಂದು ಲೀಟರ್ ಅಂದ್ರೆ 910 ಗ್ರಾಂ ಅಂತ ಬರೆದಿರುತ್ತೆ (ಈಗ ಕೆಲವು ಪ್ಯಾಕೆಟ್‌ಗಳಲ್ಲಿ ಅದಕ್ಕಿಂತ ಕಡಿಮೆ ತುಂಬಿರ್ತಾರೆ, ಓದಿ ತಗೊಳ್ಳಿ). ನಾಲ್ಕಕ್ಕೆ 3640 ಗ್ರಾಂ. ಮನೆಯಲ್ಲಿ ಮೂರೂವರೆ ಜನ, ಅರ್ಧ ಅಂದ್ರೆ ಮಗಳು. 30 ದಿನಕ್ಕೆ ಭಾಗಿಸಿದರೆ ತಲೆಗೆ ದಿನಕ್ಕೆ 35 ಗ್ರಾಂ ಹತ್ತಿರ, ಸುಮಾರು 310 ಕ್ಯಾಲೊರಿ. ಹಬ್ಬದ ದಿನ ಕರಿದು ಮಿಕ್ಕ ಎಣ್ಣೆ ಬಿಸಾಕೋದೂ ಇರುತ್ತೆ ಅಂತೀರಾ? ನಮ್ಮ ಮನೆಯಲ್ಲಿ ಅದನ್ನೂ ಒಗ್ಗರಣೆಗೆ ಹಾಕಿ ಮುಗಿಸ್ತಾರೆ.

ಚೀಟಿಯಲ್ಲಿ ಇಲ್ಲದ್ದು ಇನ್ನೊಂದಿತ್ತು. ತೆಂಗಿನಕಾಯಿ. ತಿಪಟೂರಿನವರು ಕಾಯಿ ಕೊಂಡುಕೊಂಡರೆ ಅವಮಾನ, ತೋಟದಿಂದ ಚೀಲದಲ್ಲೇ ಬರುತ್ತೆ. ದುಡ್ಡು ಕೊಟ್ಟದ್ದಲ್ಲ, ಹಾಗಾಗಿ ನನ್ನ ಲೆಕ್ಕಕ್ಕೂ ಬಂದಿರಲಿಲ್ಲ. ಒಂದು ಹೋಳು ತುರಿದು ತೂಗಿದೆ, 120 ಗ್ರಾಂ. ದಿನಕ್ಕೆ ಒಂದು ಹೋಳು ನಮ್ಮಲ್ಲಿ ಏನೇನೂ ಅಲ್ಲ: ಬೆಳಗ್ಗೆ ಚಟ್ನಿ, ಮಧ್ಯಾಹ್ನ ಹುಳಿಗೆ ರುಬ್ಬೋದು, ಪಲ್ಯದ ಮೇಲೆ ಉದುರಿಸೋದು. ಹಸಿ ಕಾಯಿ 100 ಗ್ರಾಂಗೆ ಸುಮಾರು 400 ಕ್ಯಾಲೊರಿ. ನನ್ನ ಪಾಲು ಇನ್ನೊಂದು 135. ಎರಡೂ ಸೇರಿ ದಿನಕ್ಕೆ ಸುಮಾರು 450. ಇದರಲ್ಲಿ ಬಹುಶಃ ನೂರನ್ನು ಫೋನು ಹೇಗೋ ಲೆಕ್ಕ ಹಿಡಿದಿತ್ತು. ನಾನು ಉಳಿಸಬೇಕು ಅಂದುಕೊಂಡಿದ್ದ 500ರಲ್ಲಿ ಹತ್ತಿರ ಹತ್ತಿರ 350 ಇಲ್ಲೇ ಸೋರಿ ಹೋಗುತ್ತಿತ್ತು. ಉಳಿದದ್ದು ಭಾನುವಾರ ಹೊರಗೆ ತಿಂದ ಮಸಾಲೆ ದೋಸೆಗೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ತಕ್ಕಡಿನಾ ಬಟ್ಟಲಾ ಅನ್ನೋದು ಆಮೇಲಿನ ಮಾತು. ತಟ್ಟೆಗೆ ಬಂದ ಊಟವನ್ನು ಎಷ್ಟು ನಿಖರವಾಗಿ ತೂಗಿದರೂ ಅದರೊಳಗೆ ಏನು ಹೋಗಿದೆ ಅನ್ನೋದು ಗೊತ್ತಾಗಲ್ಲ. ಪಾತ್ರೆಗೆ ಹೋಗುವಾಗ ತೂಗಿ, ಒಲೆ ಹಚ್ಚೋಕೆ ಮುಂಚೆ. ಅಕ್ಕಿ, ಹಿಟ್ಟು, ಬೇಳೆ, ಎಣ್ಣೆ, ಕಾಯಿ, ಕಡಲೆಬೀಜ, ಬೆಲ್ಲ, ಇಷ್ಟೇ. ಸೊಪ್ಪು, ತರಕಾರಿ, ಹುಣಸೆಹಣ್ಣು ತೂಗುತ್ತಾ ಕೂರಬೇಡಿ, ಸುಮ್ನೆ ಟೈಮ್ ವೇಸ್ಟು.

ಹಸಿಯದ್ದನ್ನೇ ತೂಗಿ ಅನ್ನೋದಕ್ಕೆ ಇನ್ನೊಂದು ಕಾರಣವೂ ಇದೆ. ಬೆಂದ ಮೇಲಿನ ತೂಕ ನೀರಿನ ಆಟ. ಅದೇ ಹಿಟ್ಟಿನಲ್ಲಿ ಅಮ್ಮ ಮುದ್ದೆ ಮಾಡಿದರೆ ಮೆತ್ತಗೆ, ತೂಕ ಜಾಸ್ತಿ. ಹೆಂಡತಿ ಮಾಡಿದರೆ ಗಟ್ಟಿ, ತೂಕ ಕಡಿಮೆ. ಹೊಟ್ಟೆಗೆ ಹೋಗುವ ರಾಗಿ ಮಾತ್ರ ಅಷ್ಟೇ. ಅನ್ನವೂ ಹಾಗೇ, ಹಳೇ ಅಕ್ಕಿ ಒಂದು ಥರ, ಹೊಸ ಅಕ್ಕಿ ಒಂದು ಥರ. ಇನ್ನು ಅಳತೆ ಪಾತ್ರೆ ಅಂತೂ ಕೇಳಲೇಬೇಡಿ. ಅಮ್ಮನ ಪಾವಿನಲ್ಲಿ ಅಕ್ಕಿ ಸವರಿ ತುಂಬಿದರೆ 210 ಗ್ರಾಂ, ಗೋಪುರ ಕಟ್ಟಿದರೆ 245. ನೆಂಟರು ಬಂದ ದಿನ ಗೋಪುರ ಇನ್ನೂ ಎತ್ತರ.

ನಾನು ಮಾಡಿದ್ದು ಇಷ್ಟು. ಮನೆಯ ಕುಕ್ಕರ್, ಬಾಂಡ್ಲಿ, ಹುಳಿ ಪಾತ್ರೆಗಳ ಖಾಲಿ ತೂಕವನ್ನು ಒಂದು ಸಲ ನೋಡಿ ಫ್ರಿಜ್ ಮೇಲೆ ಅಂಟಿಸಿದೆ. 300 ಗ್ರಾಂ ಅಕ್ಕಿ ಇಟ್ಟರೆ ಪಾತ್ರೆ ಪೂರ್ತಿ ಸೇರಿ 1050 ಕ್ಯಾಲೊರಿ ಅಂತ ಮೊದಲೇ ಗೊತ್ತು. ಅನ್ನ ಆದ ಮೇಲೆ ಪಾತ್ರೆ ಸಮೇತ ತೂಗಿ ಖಾಲಿ ತೂಕ ಕಳೆದರೆ, ಒಂದು ದಿನ 840 ಬಂತು ಅಂದುಕೊಳ್ಳಿ. ನಾನು 210 ಹಾಕಿಕೊಂಡೆ, ಅಂದರೆ ಕಾಲು ಭಾಗ. 262 ಕ್ಯಾಲೊರಿ. ನೀರು ಎಷ್ಟು ಕುಡಿದಿದೆ ಅನ್ನೋ ತಲೆನೋವೇ ಇಲ್ಲ. ಹುಳಿ, ಸಾರಿಗೆ ಇಷ್ಟೂ ಬೇಡ. ಒಟ್ಟು ಎಷ್ಟು ಸೌಟು ಆಗುತ್ತೆ ಅಂತ ಒಂದು ಸಲ ಎಣಿಸಿಕೊಳ್ಳಿ. ಬೇಳೆ ಮೇಲೆ ಬಂತಾ ಕೆಳಗೆ ಹೋಯ್ತಾ ಅಂತ ಹತ್ತಿಪ್ಪತ್ತು ಆಚೀಚೆ ಆಗಲಿ ಬಿಡಿ.

ಕ್ಯಾಲೊರಿ ಎಷ್ಟು ಅನ್ನೋದಕ್ಕೆ ಫೋನಿನಲ್ಲಿ ಯಾರ್ಯಾರೋ ತುಂಬಿದ್ದನ್ನು ನಂಬಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಪದಾರ್ಥಗಳ ಪಟ್ಟಿ ತಂದಿದೆ. ಅದರ ಪ್ರಕಾರ 100 ಗ್ರಾಂಗೆ ಅಕ್ಕಿ ಸುಮಾರು 355, ರಾಗಿ 320, ತೊಗರಿಬೇಳೆ 330, ಕಡಲೆಬೀಜ 520. ಎಲ್ಲಾ ಹಸಿಯದ್ದರ ಲೆಕ್ಕ. ನಾನು ಅಕ್ಕಿಯನ್ನು 350 ಅಂತ ದುಂಡಾಗಿ ಹಿಡಿದುಕೊಂಡಿದ್ದೀನಿ, ಪ್ರಪಂಚ ಮುಳುಗಿಲ್ಲ.

ಎಣ್ಣೆ ತೂಗುವಾಗ ಒಂದು ಎಚ್ಚರ. ಬಾಂಡ್ಲಿಯನ್ನು ತಕ್ಕಡಿ ಮೇಲಿಟ್ಟು ಮೆಲ್ಲಗೆ ತೊಟ್ಟು ತೊಟ್ಟಾಗಿ ಸುರಿದರೆ ಕೆಲವು ತಕ್ಕಡಿಗಳು ಅದನ್ನು ಗಮನಿಸೋದೇ ಇಲ್ಲ, ಸೊನ್ನೆಯಲ್ಲೇ ನಿಂತಿರುತ್ತವೆ. ಕ್ಯಾನನ್ನೇ ತೂಗಿ. ಎತ್ತಿ, ಹಾಕಿ, ವಾಪಸ್ ಇಡಿ. ಮೈನಸ್ ಎಷ್ಟು ಬಂತೋ ಅಷ್ಟು ಹೋಯ್ತು.

ಅಡುಗೆ ಮಾಡುವವರು ಬೇರೆಯವರಾದರೆ ಇದೆಲ್ಲಾ ಸುಲಭ ಅಲ್ಲ. ಮೂರನೇ ದಿನಕ್ಕೇ ಅಮ್ಮನಿಗೆ ಕೋಪ ಬಂತು. ‘ನಲವತ್ತು ವರ್ಷದಿಂದ ಮಾಡಿ ಹಾಕ್ತಿದ್ದೀನಿ, ಈಗ ನನ್ನ ಕೈ ಅಳತೆ ಮೇಲೆ ಅನುಮಾನನಾ? ಎಣ್ಣೆನ ಚಿನ್ನದ ಥರ ತೂಗ್ತಾನೆ ನೋಡು’ ಅಂದರು. ನಾನು ಮಾಡಿದ ಎರಡನೇ ತಪ್ಪು ಅಂದ್ರೆ ಆ ಮಾತಿಗೆ ವಾದ ಮಾಡಿದ್ದು. ವಾರ ಪೂರ್ತಿ ಮನೆಯಲ್ಲಿ ಮಾತಿಲ್ಲ. ಆಮೇಲೆ ಹೆಂಡತಿ ಒಂದು ಉಪಾಯ ಮಾಡಿದಳು. ಕ್ಯಾನನ್ನು ಒಳಗಿಟ್ಟು, ಒಲೆ ಪಕ್ಕ ಒಂದು ಚಿಕ್ಕ ಸ್ಟೀಲ್ ಬಟ್ಟಲಿಟ್ಟಳು. ಬೆಳಗ್ಗೆ ಅದಕ್ಕೆ 70 ಗ್ರಾಂ ಎಣ್ಣೆ ಸುರಿದಿಡುತ್ತಾಳೆ. ಒಗ್ಗರಣೆ, ಪಲ್ಯ, ರಾತ್ರಿ ಚಪಾತಿ ಎಲ್ಲಾ ಅದರಲ್ಲೇ. ತಲೆಗೆ 20 ಗ್ರಾಂ ಬರುತ್ತೆ. ಬಟ್ಟಲಿನಲ್ಲಿ ಸುತ್ತು ಬಿಡೋಕೆ ಆಗಲ್ಲ, ಚಮಚದಲ್ಲೇ ಹಾಕಬೇಕು. ಅಮ್ಮನಿಗೂ ಬೇಸರವಿಲ್ಲ, ಯಾರೂ ಪಕ್ಕದಲ್ಲಿ ತಕ್ಕಡಿ ಹಿಡಿದು ನಿಂತಿರೋದಿಲ್ಲ.

ತಟ್ಟೆ ತೂಗೋದನ್ನು ನಾನು ಮೂರು ವಾರದ ನಂತರ ಪೂರ್ತಿ ನಿಲ್ಲಿಸಿದೆ. ಅಷ್ಟರಲ್ಲಿ ಕಣ್ಣಿಗೆ ಅಂದಾಜು ಸಿಕ್ಕಿತ್ತು. ಇನ್ನೊಂದು ಕಾರಣ ಮಗಳು. ಎಂಟು ವರ್ಷದ ಹುಡುಗಿ ಒಂದು ದಿನ ಬಾಳೆಹಣ್ಣು ಹಿಡಿದುಕೊಂಡು ಬಂದು, ‘ಅಪ್ಪ, ಇದು ತಿಂದರೆ ದಪ್ಪ ಆಗ್ತೀನಾ?’ ಅಂತ ಕೇಳಿದಳು. ಅವತ್ತೇ ತಕ್ಕಡಿ ಟೇಬಲ್ ಬಿಟ್ಟು ಕಪಾಟಿಗೆ ಹೋಯಿತು. ನಿಮ್ಮ ಮನೆಯಲ್ಲೂ ಮಕ್ಕಳಿದ್ದರೆ ಅವರ ಎದುರು ಊಟ ತೂಗಬೇಡಿ. ಈ ವಿಷಯದಲ್ಲಿ ನನ್ನ ಜೊತೆ ವಾದ ಮಾಡೋಕೆ ಬರಬೇಡಿ, ನಾನು ಬದಲಾಗೋದಿಲ್ಲ.

ತೂಕ ಏನಾಯ್ತು ಅಂತ ಕೇಳ್ತೀರಿ. ಎಣ್ಣೆ ಬಟ್ಟಲು ಬಂದ ಮೇಲೆ ಎಂಟು ತಿಂಗಳಲ್ಲಿ 76ಕ್ಕೆ ಬಂದೆ. ಈಗ 78ರಲ್ಲಿದ್ದೀನಿ. ಅನ್ನ ಮೊದಲಿಗಿಂತ ಜಾಸ್ತಿನೇ ತಿಂತೀನಿ, ಅದೂ ಬಿಸಿಬಿಸಿ.

ಹೊಸ ತಕ್ಕಡಿ ಆರ್ಡರ್ ಮಾಡೋಕೆ ಮುಂಚೆ ನಿಮ್ಮ ಮನೆಯ ಎಣ್ಣೆ ಕ್ಯಾನ್ ಮೇಲೆ ಪೆನ್ನಿನಲ್ಲಿ ಇವತ್ತಿನ ತಾರೀಕು ಬರೆಯಿರಿ. ಯಾರಿಗೂ ಹೇಳಬೇಡಿ, ಹೇಳಿದರೆ ಕೈ ತಾನಾಗೇ ಬಿಗಿಯಾಗುತ್ತೆ. ಖಾಲಿಯಾದ ದಿನ ಎಷ್ಟು ಜನ, ಎಷ್ಟು ದಿನ ಅಂತ ಇಲ್ಲೇ ಬರೆದು ತಿಳಿಸಿ, ಲೆಕ್ಕ ಒಟ್ಟಿಗೆ ಹಾಕೋಣ. ಕಾಯಿ ಕೊಂಡು ತರ್ತೀರಾ, ಊರಿಂದ ಬರುತ್ತಾ ಅನ್ನೋದನ್ನೂ ಬರೆಯಿರಿ.