ನಾಟಿ ಮೊಟ್ಟೆಗೆ ದುಪ್ಪಟ್ಟು ದುಡ್ಡು ಕೊಡಬೇಕಾ?

ಅಕ್ಕಾ, ದಾವಣಗೆರೆ ಸಂತೇಲಿ ಸಿಗೋ ನಾಟಿ ಮೊಟ್ಟೇಲಿ ಫಾರಂ ಮೊಟ್ಟೆಗಿಂತ ಶಕ್ತಿ ಜಾಸ್ತಿನಾ, ಮಗಳಿಗೆ ಅದನ್ನೇ ಕೊಡಬೇಕಾ ಅಂತ ಕೇಳಿದೀರಿ. ಬರೀ ಪ್ರೋಟೀನ್‌ಗೋಸ್ಕರ ಆದ್ರೆ ಬೇಡ. ತಳಿಯಿಂದ ಮುಖ್ಯವಾಗಿ ಬದಲಾಗೋದು ಚಿಪ್ಪಿನ ಬಣ್ಣ, ಮೊಟ್ಟೆ ಗಾತ್ರ, ವರ್ಷಕ್ಕೆ ಎಷ್ಟು ಇಡುತ್ತೆ ಅನ್ನೋದು. ಪ್ರೋಟೀನ್ ಎರಡರಲ್ಲೂ 100 ಗ್ರಾಂಗೆ ಸುಮಾರು 12-13 ಗ್ರಾಂ. ನಾಟಿ ಮೊಟ್ಟೆ ಚಿಕ್ಕದು, ಆದ್ರೆ ಅದರಲ್ಲಿ ಹಳದಿ ಪಾಲು ಸ್ವಲ್ಪ ಹೆಚ್ಚು.

ನಮ್ಮ ಹಿತ್ತಲಲ್ಲಿ ನಾಟಿ ಕೋಳಿ, ಗಿರಿರಾಜ ಅನ್ನೋ ಸುಧಾರಿತ ತಳಿ ಕೋಳಿ ಎರಡೂ ಇದಾವೆ. ತಿನ್ನೋದು ಒಂದೇ ಮೆಕ್ಕೆಜೋಳದ ನುಚ್ಚು, ಒಂದೇ ಸೊಪ್ಪು. ತಟ್ಟೆಗೆ ಒಡೆದು ಹಾಕಿದ್ರೆ ಎರಡರ ಹಳದಿನೂ ಅರಿಶಿನ ಕಲಸಿದ ಹಾಗಿರುತ್ತೆ. ಹೋದ ಬೇಸಿಗೇಲಿ ಸೊಪ್ಪು ಒಣಗಿ, ಜೋಳ ಮುಗಿದು ಬರೀ ಅಕ್ಕಿ ನುಚ್ಚು ಹಾಕಿದಾಗ ಎರಡರ ಹಳದಿನೂ ಒಟ್ಟಿಗೇ ಬಿಳಚಿಕೊಳ್ತು. ಅಂದ್ರೆ ಹಳದಿಯ ಬಣ್ಣ ಬರೋದು ಮೇವಿನಿಂದ, ತಳಿಯಿಂದಲ್ಲ.

ಒಮೆಗಾ-3 ಅನ್ನೋ ಒಳ್ಳೆ ಕೊಬ್ಬು, ವಿಟಮಿನ್ ಡಿ ಕಥೆನೂ ಹೆಚ್ಚೂಕಮ್ಮಿ ಹಂಗೇ, ಮೇವು ಮತ್ತೆ ಬಿಸಿಲಿನ ಮೇಲೆ ನಿಂತಿರುತ್ತೆ. ಅಗಸೆ ಬೀಜ ತಿನ್ನಿಸಿದ್ರೆ ಫಾರಂ ಕೋಳಿ ಮೊಟ್ಟೇಲೂ ಒಮೆಗಾ-3 ಏರುತ್ತೆ. ಹಂಗಾಗಿ ಮಾರೋರನ್ನ ತಳಿ ಕೇಳೋದಕ್ಕಿಂತ, ಕೋಳಿಗೆ ಏನು ಹಾಕ್ತೀರಿ, ಹೊರಗೆ ಮೇಯೋಕೆ ಬಿಡ್ತೀರಾ ಅಂತ ಕೇಳಿ ತಗೊಳ್ಳಿ.